ತೆರೆಯ ಮೇಲಿನ ಕೋವಿ: ಹುಸಿಯನ್ನು ಗುರುತಿಸುವ ಬಗೆ

ನಾಟಕ ಪತ್ರಿಕೆಯನ್ನು ಅಭ್ಯಸಿಸುವಾಗ ನಾವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯದ ನಾಲ್ಕು ಪ್ರಕಾರಗಳನ್ನು ಹೆಸರಿಸಿ ಮುಂದೆ ಸಾಗುತ್ತೇವೆ. ಆಹಾರ್ಯಕ್ಕೆ ಉದಾಹರಣೆ ಕೇಳಿದರೆ ಕಿರೀಟ, ಬಣ್ಣ, ಗೆಜ್ಜೆ ಎಂದು ಬರೆದು ನಿಲ್ಲಿಸುವವರೇ ಹೆಚ್ಚು. ಭರತನು ಆ ಅಧ್ಯಾಯದಲ್ಲಿ ಇನ್ನೂ ದೂರ ಹೋಗಿದ್ದಾನೆ. ರಂಗಕ್ಕೆ ಬೇಕಾದ ಕೃತಕ ವಸ್ತುಗಳ ನಿರ್ಮಾಣವನ್ನು ಅವನು 'ಪುಸ್ತ' ಎಂದು ಕರೆದು, ಸಂಧಿಮ, ವ್ಯಾಜಿಮ, ವೇಷ್ಟಿಮ ಎಂದು ಮೂರಾಗಿ ವಿಂಗಡಿಸುತ್ತಾನೆ: ಜೋಡಿಸಿ ಮಾಡಿದ್ದು, ಯಂತ್ರೋಪಾಯದಿಂದ ಆಡುವಂಥದು, ಸುತ್ತಿ ಕಟ್ಟಿದ್ದು. ಆಯುಧಗಳ ಬಗೆಗೆ ಅವನ ಕಟ್ಟಳೆ ಸ್ಪಷ್ಟವಾಗಿದೆ. ಅವು ಭಾರವಾಗಿರಬಾರದು, ಬಿದಿರು, ಅರಗು, ಬಟ್ಟೆಯಂಥ ಹಗುರ ಪದಾರ್ಥಗಳಿಂದಾಗಬೇಕು. ರಂಗದ ಮೇಲೆ ಶಸ್ತ್ರವನ್ನು ನಿಜವಾಗಿ ಪ್ರಯೋಗಿಸಕೂಡದು. ಇರಿತ, ಹೊಡೆತಗಳನ್ನು ಸ್ಪರ್ಶಮಾತ್ರದಿಂದಲೋ ಸಂಜ್ಞೆಯಿಂದಲೋ ತೋರಿಸಬೇಕು.

ಈ ಕಟ್ಟಳೆಯನ್ನು ಇಂದಿನ ಚಲನಚಿತ್ರದ ಬಂದೂಕಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ತೆರೆಯ ಮೇಲಿನ ಕೋವಿ ಹುಸಿಯೆಂದು ಪ್ರೇಕ್ಷಕನು ಯಾವ ಗುರುತುಗಳಿಂದ ಅರಿಯಬಹುದು? ಆ ಹುಸಿಯಲ್ಲಿ ಎಷ್ಟು ಪಾಲು ನಿಜ ಅಡಗಿರುತ್ತದೆ? ಮೊದಲ ಪ್ರಶ್ನೆ ಕುತೂಹಲದ್ದು. ಎರಡನೆಯದಕ್ಕೆ ಉತ್ತರ ತಪ್ಪಿದ ಕಡೆ ಮನುಷ್ಯರು ಸತ್ತಿದ್ದಾರೆ.

ಹುಸಿ ಎಂಬುದು ಒಂದೇ ಬಗೆಯದಲ್ಲ. ಓಡುವ, ಬೀಳುವ, ಹೊರಳಾಡುವ ದೃಶ್ಯಗಳಲ್ಲಿ ನಟರ ಕೈಯಲ್ಲಿರುವುದು ಸಾಮಾನ್ಯವಾಗಿ ಅಚ್ಚಿನಲ್ಲಿ ಎರೆದ ರಬ್ಬರಿನ ಬೊಂಬೆ. ಸಮೀಪದಿಂದ ತೋರಿಸಬೇಕಾದರೆ ಲೋಹದ ಪ್ರತಿಕೃತಿ; ಅದರ ಭಾಗಗಳು ಚಲಿಸುತ್ತವೆ, ಆದರೆ ಸಿಡಿಯುವುದಿಲ್ಲ. ಮೂರನೆಯದು ಅನಿಲದ ಒತ್ತಡದಿಂದ ಆಡುವ ಏರ್‌ಸಾಫ್ಟ್ ಬಂದೂಕು. ಅದರ ಮೇಲ್ಭಾಗ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಬೆಂಕಿಯನ್ನು ಆಮೇಲೆ ಗಣಕಯಂತ್ರದಲ್ಲಿ ಸೇರಿಸುತ್ತಾರೆ. ನಾಲ್ಕನೆಯದನ್ನು ಹುಸಿ ಎನ್ನುವುದೇ ಕಷ್ಟ. ಅದು ನಿಜವಾದ ಬಂದೂಕು. ಅದರೊಳಗೆ ಸೀಸದ ಗುಂಡಿಲ್ಲದ, ಮದ್ದು ಮಾತ್ರವಿರುವ ತೋಟಾ ಇರುತ್ತದೆ. ಚಿತ್ರೋದ್ಯಮದವರು ಅದನ್ನು ಬ್ಲ್ಯಾಂಕ್ ಎನ್ನುತ್ತಾರೆ. ನಾವು 'ಹುಸಿ ತೋಟಾ' ಎನ್ನೋಣ. ಇದಕ್ಕೆ ತದ್ವಿರುದ್ಧವಾಗಿ, ಗುಂಡು ಕಾಣುವ ಆದರೆ ಮದ್ದೇ ಇಲ್ಲದ ತೋಟಾ ಉಂಟು, ಅದು ಡಮ್ಮಿ. ಹಾಲು ಕೊಡದ ಎಮ್ಮೆಯನ್ನು ಗೊಡ್ಡು ಎನ್ನುವಂತೆ ಇದನ್ನು 'ಗೊಡ್ಡು ತೋಟಾ' ಎನ್ನಬಹುದು. ಹುಸಿ ತೋಟಾ ಸದ್ದು ಮಾಡುತ್ತದೆ, ಆದರೆ ನೋಡಲು ನಿಜವಲ್ಲ. ಗೊಡ್ಡು ತೋಟಾ ನೋಡಲು ನಿಜ, ಆದರೆ ಸದ್ದು ಮಾಡುವುದಿಲ್ಲ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು; ಮುಂದೆ ಎಲ್ಲವೂ ಇದರ ಮೇಲೆ ನಿಂತಿದೆ.

ಗುರುತುಗಳಲ್ಲಿ ಮೊದಲನೆಯದು ತೂಕ. ಗುಂಡು ತುಂಬಿದ ಎಕೆ-47 ಸುಮಾರು 4.8 ಕಿಲೋ ತೂಗುತ್ತದೆ. ಅಷ್ಟು ಭಾರವನ್ನು ಹೊತ್ತು ಓಡುವವನ ಭುಜ ಒಂದು ಕಡೆಗೆ ಜಗ್ಗುತ್ತದೆ. ಹೆಗಲ ಪಟ್ಟಿ ಬಿಗಿಯಾಗಿ ಕೆಳಗೆಳೆಯುತ್ತದೆ. ತಿರುಗುವಾಗ ಬಂದೂಕು ಒಂದು ಕ್ಷಣ ಹಿಂದುಳಿದು ಬರುತ್ತದೆ. ರಬ್ಬರಿನ ಬಂದೂಕಾದರೆ ಬೆನ್ನ ಮೇಲೆ ಕುಣಿಯುತ್ತದೆ. ನಟ ನೆಲಕ್ಕೆ ಬಿದ್ದಾಗ ನಳಿಗೆಯ ತುದಿ ತುಸು ಬಾಗಿ ಮತ್ತೆ ನೆಟ್ಟಗಾಗುವುದನ್ನು ಅನೇಕ ಯುದ್ಧಚಿತ್ರಗಳ ಹಿನ್ನೆಲೆಯಲ್ಲಿ ಕಾಣಬಹುದು. ನಾಯಕನನ್ನು ನೋಡುತ್ತ ಕುಳಿತರೆ ಇದು ಸಿಕ್ಕುವುದಿಲ್ಲ. ಅವನ ಕೈಗೆ ಒಳ್ಳೆಯ ಬಂದೂಕನ್ನೇ ಕೊಟ್ಟಿರುತ್ತಾರೆ. ಹಿಂದಿನ ಸಾಲಿನ ಸಿಪಾಯಿಯನ್ನು ನೋಡಬೇಕು.

ಎರಡನೆಯದು ಬಾಯಿ. ಕೋವಿ ಎಂಬ ಮಾತಿಗೆ ನಮ್ಮಲ್ಲಿ ಕೊಳವೆ ಎಂಬ ಅರ್ಥವೂ ಇದೆ. ಆದ್ದರಿಂದ ಕೊಳವೆಯ ಬಾಯನ್ನು ಪರೀಕ್ಷಿಸುವುದು ಶಬ್ದಕ್ಕೂ ವಸ್ತುವಿಗೂ ಸಲ್ಲುವ ಕ್ರಮ. ಎರೆದ ಬೊಂಬೆಯಲ್ಲಿ ರಂಧ್ರ ಬೆರಳಿನ ಉಗುರಿನಷ್ಟು ಆಳವಿದ್ದು ಮುಚ್ಚಿಹೋಗಿರುತ್ತದೆ. ಏರ್‌ಸಾಫ್ಟ್ ಬಂದೂಕಿನ ದೊಡ್ಡ ಬಾಯೊಳಗೆ 6 ಮಿಲಿಮೀಟರಿನ ಇನ್ನೊಂದು ಸಣ್ಣ ಕೊಳವೆ ಕಾಣಿಸುತ್ತದೆ. ಪ್ಲಾಸ್ಟಿಕ್ಕಿನದಾದರೆ ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆ ಹಿಡಿಯ ಉದ್ದಕ್ಕೂ ಉಳಿದಿರುತ್ತದೆ.

ಹುಸಿ ತೋಟಾ ಹಾರಿಸುವ ಸ್ವಯಂಚಾಲಿತ ಬಂದೂಕಿನ ಬಾಯೊಳಗೂ ಒಂದು ಬಿರಡೆ ಇರುತ್ತದೆ. ಅದಕ್ಕೆ ಕಾರಣವಿದೆ. ಸ್ವಯಂಚಾಲಿತ ಬಂದೂಕು ಒಂದು ಗುಂಡು ಹಾರಿಸಿದ ಬಲದಿಂದಲೇ ಚಿಪ್ಪನ್ನು ಹೊರಕ್ಕೆಸೆದು ಮುಂದಿನ ತೋಟಾವನ್ನು ಒಳಗೆಳೆದುಕೊಳ್ಳುತ್ತದೆ. ಗುಂಡೇ ಇಲ್ಲದಿದ್ದರೆ ಅನಿಲವು ಅಡೆತಡೆಯಿಲ್ಲದೆ ಹೊರಟುಹೋಗಿ ಯಂತ್ರ ಆಡುವುದಿಲ್ಲ. ಆದ್ದರಿಂದ ನಳಿಗೆಯ ಬಾಯನ್ನು ಕಿರಿದುಮಾಡಿ ಒತ್ತಡವನ್ನು ಹಿಡಿದಿಡಬೇಕು. ಸೈನಿಕರು ತರಬೇತಿಯಲ್ಲಿ ಈ ಬಿರಡೆಯನ್ನು ಎದ್ದುಕಾಣುವಂತೆ ಹೊರಗೇ ತೊಡಿಸುತ್ತಾರೆ. ಚಿತ್ರದವರು ಒಳಗೆ ಅಡಗಿಸುತ್ತಾರೆ. ರಿವಾಲ್ವರಿಗೆ ಇದರ ಅಗತ್ಯವಿಲ್ಲ. ಅದನ್ನು ತಿರುಗಿಸುವುದು ಬೆರಳಿನ ಬಲ.

ಸ್ಯಾಮ್ ಪೆಕಿನ್‌ಪಾ ನಿರ್ದೇಶಿಸಿದ 'ದಿ ವೈಲ್ಡ್ ಬಂಚ್' (1969) ಚಿತ್ರದಲ್ಲಿ ಈ ತೊಡಕಿನ ಒಂದು ಕುರುಹು ಉಳಿದಿದೆ. ಕಥೆ 1913ರದು. ಪಾತ್ರಗಳ ಸೊಂಟದಲ್ಲಿ ಇರಬೇಕಾದದ್ದು ಅಮೆರಿಕದ ಕೋಲ್ಟ್ 1911 ಪಿಸ್ತೂಲು. ಆದರೆ ಅದರ .45 ಅಳತೆಯ ಹುಸಿ ತೋಟಾಗಳು ಆಗ ನಂಬಿಕೆಗೆ ಅರ್ಹವಾಗಿ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ ಅದನ್ನೇ ಹೋಲುವ, 9 ಮಿಲಿಮೀಟರಿನ ಸ್ಪೇನಿನ ಸ್ಟಾರ್ ಮಾಡೆಲ್ ಬಿ ಪಿಸ್ತೂಲನ್ನು ಕೊಟ್ಟರು. ಕೋಲ್ಟಿನ ಹಿಡಿಯ ಹಿಂಬದಿಯಲ್ಲಿ ಅಂಗೈ ಒತ್ತಿದಾಗ ಒಳಸರಿಯುವ ಸುರಕ್ಷಾ ಪಟ್ಟಿಯೊಂದಿದೆ, ಸ್ಟಾರಿನಲ್ಲಿ ಅದಿಲ್ಲ. ಕಣ್ಣಿದ್ದವರಿಗೆ ಅಷ್ಟು ಸಾಕು.

ಒಂದು ಬಂದೂಕು ಮತ್ತೊಂದರ ಸೋಗು ಹಾಕುವ ಇಂಥ ಪ್ರಸಂಗಗಳೇ ನನಗೆ ಹೆಚ್ಚು ಸ್ವಾರಸ್ಯಕರವೆನಿಸುತ್ತವೆ. ಕನ್ನಡದ ಸೋಗು, ಮರಾಠಿಯ ಸೋಂಗ್. ಎರಡೂ ಭಾಷೆಗಳಲ್ಲಿ ಆ ಮಾತಿಗೆ ವೇಷ ಎಂಬ ಅರ್ಥದ ಜೊತೆಗೆ ಸ್ವಲ್ಪ ತುಂಟತನವೂ ಅಂಟಿಕೊಂಡಿದೆ. 'ರೆಡ್ ಡಾನ್' (1984) ಚಿತ್ರದಲ್ಲಿ ಸೋವಿಯತ್ ಸೈನಿಕರ ಕೈಯಲ್ಲಿರುವ ಕಲಾಶ್ನಿಕೋವ್‌ಗಳು ಈಜಿಪ್ಟಿನ ಮಾದಿ ಬಂದೂಕುಗಳು. ಅವರ ಹೆಲಿಕಾಪ್ಟರ್ ಕೂಡ ಫ್ರಾನ್ಸಿನ ಪೂಮಾಗೆ ಹೊರಕವಚ ತೊಡಿಸಿದ್ದು. ಶೀತಲ ಸಮರದ ಕಾಲದಲ್ಲಿ ಅಸಲಿಯನ್ನು ತರಿಸುವುದಾದರೂ ಎಲ್ಲಿಂದ? 'ಸ್ಟಾರ್ ವಾರ್ಸ್' (1977) ಚಿತ್ರದಲ್ಲಿ ಹ್ಯಾನ್ ಸೋಲೋ ಹಿಡಿದ ಅಸ್ತ್ರ ಜರ್ಮನಿಯ ಹಳೆಯ ಮೌಸರ್ ಸಿ96 ಪಿಸ್ತೂಲಿಗೆ ದುರ್ಬೀನು ಕೂಡಿಸಿದ್ದು. ಬಿಳಿ ಕವಚದ ಸೈನಿಕರದು ಇಂಗ್ಲೆಂಡಿನ ಸ್ಟರ್ಲಿಂಗ್ ಬಂದೂಕು. ಅವುಗಳಲ್ಲಿ ಕೆಲವು ಹುಸಿ ತೋಟಾ ಹಾರಿಸುತ್ತಿದ್ದವು. ಆದ್ದರಿಂದ ಬೆಳಕಿನ ಕಿರಣ ಉಗುಳಬೇಕಾದ ಆ ಅಸ್ತ್ರಗಳ ಪಕ್ಕದಿಂದ ಹಿತ್ತಾಳೆಯ ಚಿಪ್ಪುಗಳು ಹಾರಿ ಬೀಳುವುದನ್ನು ನಿಧಾನಗತಿಯಲ್ಲಿ ನೋಡಿದವರು ಕಂಡಿದ್ದಾರೆ. ಜಾನ್ ಫೋರ್ಡರ 'ಸ್ಟೇಜ್‌ಕೋಚ್' (1939) ಕಥೆ 1880ರ ಆಸುಪಾಸಿನದು. ಅದರಲ್ಲಿ ಜಾನ್ ವೇನ್ ತಿರುಗಿಸುವ ವಿಂಚೆಸ್ಟರ್ 1892ರ ಮಾದರಿ. ಹಳಗನ್ನಡ ಶಾಸನದಲ್ಲಿ ಹೊಸಗನ್ನಡದ ಪ್ರತ್ಯಯ ಕಂಡರೆ ಅದರ ಕಾಲವನ್ನು ನಾವು ಶಂಕಿಸುವುದಿಲ್ಲವೆ? ಇದೂ ಅಂಥದೇ ವಿದ್ಯೆ.

ಆ ವಿದ್ಯೆಯನ್ನು ನಮ್ಮ ಐತಿಹಾಸಿಕ ಚಿತ್ರ, ಧಾರಾವಾಹಿಗಳ ಮೇಲೆ ಪ್ರಯೋಗಿಸಬಹುದು. ಕಿತ್ತೂರಿನ ಕಾಳಗ 1824ರಲ್ಲಿ ನಡೆಯಿತು. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ. ಆ ಅವಧಿಯಲ್ಲಿ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು. ಅದರ 'ಕುದುರೆ'ಯ ದವಡೆಯಲ್ಲಿ (ಮರಾಠಿಯಲ್ಲಿಯೂ ಆ ಭಾಗಕ್ಕೆ ಘೋಡಾ ಎಂದೇ ಹೆಸರು) ಕಲ್ಲಿನ ತುಣುಕೊಂದು ಕಚ್ಚಿರಬೇಕು. ಅದು ಉಕ್ಕಿಗೆ ಬಡಿದು, ಬಟ್ಟಲಿನ ಮದ್ದು ಮೊದಲು ಭಗ್ಗೆಂದು, ಅನಂತರ ಗುಂಡು ಹಾರಬೇಕು. ದಟ್ಟವಾದ ಬಿಳಿ ಹೊಗೆ ಏಳಬೇಕು. ನುರಿತ ಸಿಪಾಯಿಯೂ ನಿಮಿಷಕ್ಕೆ ಮೂರಕ್ಕಿಂತ ಹೆಚ್ಚು ಬಾರಿ ಹಾರಿಸುವುದು ಕಷ್ಟವಾಗಿತ್ತು, ಏಕೆಂದರೆ ಪ್ರತಿ ಬಾರಿಯೂ ಮದ್ದನ್ನು ಬಾಯಿಂದ ಸುರಿದು ಸರಳಿನಿಂದ ಜಡಿಯಬೇಕು. ಕಲ್ಲಿನ ಬದಲು ತಾಮ್ರದ ಟೋಪಿಯನ್ನು ಸಿಡಿಸುವ ಪದ್ಧತಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1830ರ ದಶಕದ ಕೊನೆಯಿಂದೀಚೆಗೆ. ಪಕ್ಕದ ಹಿಡಿಕೆಯನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕುವ ಮದ್ದಿನಮನೆಯ ಬಂದೂಕು ಆ ಸೈನ್ಯದಲ್ಲಿ ಸಾರ್ವತ್ರಿಕವಾದದ್ದು 1888ರ ಲೀ-ಮೆಟ್‌ಫರ್ಡ್‌ನ ಅನಂತರ. ಚೆನ್ನಮ್ಮನ ಕೋಟೆಯ ಮುಂದೆ ನಿಂತ ಗೋರಾ ಸೋಜರನು ಅಂಥ ಹಿಡಿಕೆಯನ್ನು ಎಳೆದರೆ ಅರವತ್ತು ವರ್ಷಗಳ ಕಾಲವ್ಯತ್ಯಯವಾಯಿತೆಂದು ತಿಳಿಯಿರಿ. ಪಾತ್ರಧಾರಿಯ ಮೀಸೆಗೂ ಮುಂಡಾಸಿಗೂ ಕೊಡುವ ಶ್ರದ್ಧೆಯನ್ನು ನಮ್ಮವರು ಬಂದೂಕಿಗೆ ಕೊಡುವುದು ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಗುರುತು ಚಿಪ್ಪು. ಮರಾಠಿಯಲ್ಲಿ ತೋಟಾಕ್ಕೆ ಕಾಡತೂಸ ಎನ್ನುತ್ತಾರೆ. ಪೋರ್ಚುಗೀಸರಿಂದ ಬಂದ ಮಾತು. ಕಾಡತೂಸೆಂದರೆ ಗುಂಡೊಂದೇ ಅಲ್ಲ. ಹಿತ್ತಾಳೆಯ ಚಿಪ್ಪು, ಅದರೊಳಗೆ ಮದ್ದು, ತಳದಲ್ಲಿ ಕಿಡಿ ಹೊತ್ತಿಸುವ ಸಣ್ಣ ಟೋಪಿ, ತುದಿಯಲ್ಲಿ ಗುಂಡು, ಇಷ್ಟೂ ಸೇರಿದ್ದು. ಹಾರಿಹೋಗುವುದು ತುದಿಯ ಗುಂಡು ಮಾತ್ರ. ಜಾಹೀರಾತುಗಳಲ್ಲಿಯೂ ಗಣಕಚಿತ್ರಗಳಲ್ಲಿಯೂ ಚಿಪ್ಪುಸಹಿತ ಇಡೀ ಕಾಡತೂಸೇ ಗಾಳಿಯಲ್ಲಿ ತೇಲುತ್ತ ಬರುವುದನ್ನು ಕಂಡರೆ, ಅದನ್ನು ಬಿಡಿಸಿದವನು ಬಂದೂಕನ್ನು ನೋಡಿಯೇ ಇಲ್ಲ ಎನ್ನಬಹುದು. ಹುಸಿ ತೋಟಾದ ಚಿಪ್ಪಿನ ತುದಿಯನ್ನು ಮೊಗ್ಗಿನಂತೆ ಮಡಚಿ ಮುಚ್ಚಿರುತ್ತಾರೆ. ಸಿಡಿದ ಮೇಲೆ ಅದು ಎಸಳೆಸಳಾಗಿ ಬಿಚ್ಚಿಕೊಳ್ಳುತ್ತದೆ. ನೆಲಕ್ಕುರುಳುವ ಚಿಪ್ಪುಗಳನ್ನು ನಿರ್ದೇಶಕನು ಹೆಮ್ಮೆಯಿಂದ ಸಮೀಪದಲ್ಲಿ ತೋರಿಸಿದಾಗ ಆ ಎಸಳುಗಳನ್ನು ಹುಡುಕಿ.

ಬೆಂಕಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಲ್ಲಿ ನಿಜವೇ ಸುಳ್ಳಿನಂತೆ ಕಾಣುವುದುಂಟು. ಫಿಲ್ಮ್ ಕ್ಯಾಮರಾ ಸೆಕೆಂಡಿಗೆ 24 ಚಿತ್ರಗಳನ್ನು ಹಿಡಿಯುತ್ತದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅದರ ಕಣ್ಣು ಸುಮಾರು ಅಷ್ಟೇ ಹೊತ್ತು ಮುಚ್ಚಿರುತ್ತದೆ. ಬಂದೂಕಿನ ಬಾಯ ಬೆಂಕಿಯ ಆಯುಷ್ಯ ಸೆಕೆಂಡಿನ ಕೆಲವು ಸಾವಿರದ ಒಂದು ಭಾಗಗಳು. ಹೀಗಾಗಿ ನಿಜವಾಗಿ ಸಿಡಿದ ಹೊಡೆತಗಳಲ್ಲಿ ಸುಮಾರು ಅರ್ಧದಷ್ಟರ ಬೆಂಕಿ ಫಿಲ್ಮಿನಲ್ಲಿ ಮೂಡುವುದೇ ಇಲ್ಲ. ಕನ್ನಡಿಯ ಮೂಲಕ ನೋಡುವ ಕ್ಯಾಮರಾಗಳಲ್ಲಿ ಇನ್ನೊಂದು ವಿಚಿತ್ರವಿದೆ: ಫಿಲ್ಮಿಗೆ ಬೆಳಕು ನಿಂತಾಗಲೇ ಛಾಯಾಗ್ರಾಹಕನ ಕಣ್ಣಿಗೆ ಬೆಳಕು ಹೋಗುತ್ತದೆ. ಆದ್ದರಿಂದ ಅವನಿಗೆ ಬೆಂಕಿ ಕಂಡಿತೆಂದರೆ ಫಿಲ್ಮಿಗೆ ಅದು ಸಿಕ್ಕಿಲ್ಲವೆಂದೇ ಅರ್ಥ. ಪ್ರತಿ ಹೊಡೆತಕ್ಕೂ ತಪ್ಪದೆ, ಒಂದೇ ಆಕಾರದಲ್ಲಿ ಬೆಂಕಿ ಕಾಣಿಸಿಕೊಂಡು, ಪಕ್ಕದ ಗೋಡೆಯ ಮೇಲಾಗಲಿ ನಟನ ಮುಖದ ಮೇಲಾಗಲಿ ಅದರ ಬೆಳಕು ಬೀಳದಿದ್ದರೆ ಅದು ಗಣಕಯಂತ್ರದ ಬೆಂಕಿ.

'ಕೆ.ಜಿ.ಎಫ್: ಚಾಪ್ಟರ್ 2' (2022) ಚಿತ್ರದಲ್ಲಿ ನಾಯಕನು ಯಂತ್ರಬಂದೂಕಿನ ಕೆಂಪಗೆ ಕಾದ ನಳಿಗೆಯಲ್ಲಿ ಸಿಗರೇಟು ಹೊತ್ತಿಸಿಕೊಳ್ಳುವ ದೃಶ್ಯವನ್ನು ನಿಮ್ಮಲ್ಲಿ ನೋಡದವರು ವಿರಳ. ನಳಿಗೆ ಕೆಂಪಾಗುವುದು ಶುದ್ಧ ಕಟ್ಟುಕಥೆಯಲ್ಲ. ಎಡೆಬಿಡದೆ ನೂರಾರು ಗುಂಡು ಹಾರಿಸಿದರೆ ಉಕ್ಕು ಆ ಸ್ಥಿತಿಗೆ ಬರುತ್ತದೆ. ಅನೇಕ ಯಂತ್ರಬಂದೂಕುಗಳಲ್ಲಿ ನಳಿಗೆಯನ್ನು ಥಟ್ಟನೆ ಬದಲಿಸುವ ಏರ್ಪಾಟು ಇರುವುದು ಅದಕ್ಕಾಗಿಯೇ. ಆದರೆ 250 ಗುಂಡುಗಳ ಪಟ್ಟಿಯೊಂದು, ನಿಮಿಷಕ್ಕೆ 500ರ ವೇಗದಲ್ಲಿ, ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ಇಂಥ ದೃಶ್ಯಗಳಲ್ಲಿ ಪಟ್ಟಿ ಎಷ್ಟು ಬಾರಿ ಬದಲಾಯಿತೆಂದು ಎಣಿಸುವುದು ಒಳ್ಳೆಯ ಅಭ್ಯಾಸ.

ಸದ್ದಿನ ಬಗೆಗೆ ಒಂದೆರಡು ಮಾತು ಸಾಕು. ತೆರೆಯಲ್ಲಿ ಕೇಳುವ ಸದ್ದು ಬಹುಪಾಲು ಅನಂತರ ಸೇರಿಸಿದ್ದು. ಹೊರಗೆ ಕುದುರೆಯೇ ಇಲ್ಲದ ಗ್ಲಾಕ್ ಪಿಸ್ತೂಲನ್ನು ಗುರಿಯಿಟ್ಟಾಗಲೂ ಕುದುರೆ ಎಳೆದ 'ಕ್ಲಿಕ್' ಕೇಳಿಸುತ್ತದೆ. ಸೈಲೆನ್ಸರ್ ತೊಡಿಸಿದರೆ ಸದ್ದು ಸುಮಾರು 20ರಿಂದ 35 ಡೆಸಿಬಲ್ ತಗ್ಗುತ್ತದೆಯೇ ಹೊರತು ಪಿಸುಮಾತಾಗುವುದಿಲ್ಲ.

ಇನ್ನು ರಿವಾಲ್ವರ್. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ 'ಶೋಲೆ' (1975) ಚಿತ್ರದಲ್ಲಿ ಗಬ್ಬರ್ ಸಿಂಗನು ಆರು ಗುಂಡಿನ ರಿವಾಲ್ವರಿನಿಂದ ಮೂರನ್ನು ಆಕಾಶಕ್ಕೆ ಹಾರಿಸಿ, ಉರುಳೆಯನ್ನು ಗಿರ್ರನೆ ತಿರುಗಿಸಿ, ಮೂವರ ತಲೆಗೂ ಒಂದೊಂದು ಸಲ ಹಿಡಿದು ಕುದುರೆ ಬೀಳಿಸುತ್ತಾನೆ. ಮೂವರೂ ಉಳಿಯುತ್ತಾರೆ, ನಕ್ಕು ಮುಗಿದ ಮೇಲೆ ಮೂವರನ್ನೂ ಕೊಲ್ಲುತ್ತಾನೆ. ಇದು ಸಾಧ್ಯವೆ? ಮೊದಲು ಹಾರಿದ ಮೂರು ಮನೆಗಳು ಒಂದರ ಪಕ್ಕ ಒಂದಿರುತ್ತವೆ. ಉರುಳೆ ಆ ಸಾಲಿನ ಮೊದಲ ಖಾಲಿ ಮನೆಯಲ್ಲಿಯೇ ನಿಂತರೆ ಮೂರು ಬರಿದು, ಆಮೇಲೆ ಮೂರು ಗುಂಡು. ನಿಲ್ಲಬಹುದಾದ ಆರು ಎಡೆಗಳಲ್ಲಿ ಅದು ಒಂದು. ಆರರಲ್ಲಿ ಒಂದು ಪಾಲಿನ ಸಂಭವ, ಲೆಕ್ಕ ತಪ್ಪಿಲ್ಲ.

ರಿವಾಲ್ವರಿನಲ್ಲಿ ಇನ್ನೊಂದು ವಿಶೇಷವಿದೆ. ಎದುರಿನಿಂದ ನೋಡಿದರೆ ಉರುಳೆಯ ಮನೆಗಳಲ್ಲಿ ಗುಂಡುಗಳ ಮೂತಿ ಕಾಣಿಸುತ್ತದೆ. ಹುಸಿ ತೋಟಾಕ್ಕೆ ಮೂತಿಯಿಲ್ಲ. ಸಮೀಪದ ದೃಶ್ಯದಲ್ಲಿ ಗುಟ್ಟು ರಟ್ಟಾಗುತ್ತದೆ. ಆಗ ಗೊಡ್ಡು ತೋಟಾ ಬೇಕಾಗುತ್ತದೆ. 1993ರಲ್ಲಿ ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ 'ದಿ ಕ್ರೋ' ಚಿತ್ರೀಕರಣವಾಗುತ್ತಿದ್ದಾಗ ಇಂಥದೇ ದೃಶ್ಯಕ್ಕೆ ನಿಜವಾದ ಕಾಡತೂಸುಗಳ ಗುಂಡು ಬಿಚ್ಚಿ, ಮದ್ದು ಚೆಲ್ಲಿ, ಗುಂಡನ್ನು ಮರಳಿ ಕೂಡಿಸಿದರು. ತಳದ ಟೋಪಿ ಮಾತ್ರ ಜೀವಂತವಾಗಿ ಉಳಿದಿತ್ತು. ಅದೊಂದೇ ಸಿಡಿದ ಬಲಕ್ಕೆ ಗುಂಡು ಚಿಪ್ಪಿನಿಂದ ಕಳಚಿ ನಳಿಗೆಯೊಳಗೆ ಹೋಗಿ ಸಿಕ್ಕಿಕೊಂಡಿತು; ಯಾರೂ ನಳಿಗೆಯನ್ನು ಇಣುಕಲಿಲ್ಲ. ಮುಂದಿನ ದೃಶ್ಯಕ್ಕೆ ಅದೇ ರಿವಾಲ್ವರಿಗೆ ಹುಸಿ ತೋಟಾ ತುಂಬಿದರು. ಅದರ ಮದ್ದು ಸಿಕ್ಕಿಕೊಂಡ ಗುಂಡನ್ನು ಹೊರದಬ್ಬಿತು. ಮಾರ್ಚ್ 31ರಂದು ನಟ ಬ್ರ್ಯಾಂಡನ್ ಲೀ, ಬ್ರೂಸ್ ಲೀಯ ಮಗ, ತೀರಿಕೊಂಡ. ನೋಡಲು ನಿಜವಾದದ್ದೂ ಸದ್ದಿಗೆ ನಿಜವಾದದ್ದೂ ಒಂದೇ ನಳಿಗೆಯಲ್ಲಿ ಕೂಡಿ ಪೂರ್ತಿ ನಿಜವಾಯಿತು.

ಹುಸಿ ತೋಟಾ ತಾನೊಂದೇ ಇದ್ದರೂ ನಿರಪಾಯವಲ್ಲ. 1984ರ ಅಕ್ಟೋಬರಿನಲ್ಲಿ 'ಕವರ್ ಅಪ್' ಎಂಬ ಅಮೆರಿಕನ್ ಧಾರಾವಾಹಿಯ ನಟ ಜಾನ್-ಎರಿಕ್ ಹೆಕ್ಸಮ್ ಬಿಡುವಿನಲ್ಲಿ ತಮಾಷೆಗೆ ರಿವಾಲ್ವರನ್ನು ತನ್ನ ಕಪಾಲಕ್ಕೆ ಹಿಡಿದು ಹಾರಿಸಿಕೊಂಡ. ಒಳಗಿದ್ದದ್ದು ಹುಸಿ ತೋಟಾ. ಮೈಗೆ ತಾಗಿಸಿದಾಗ ಅದರ ಅನಿಲದ ಹೊಡೆತವೇ ತಲೆಬುರುಡೆಯನ್ನು ಮುರಿಯಿತು. ಕೆಲವು ದಿನಗಳಲ್ಲಿ ಅವನು ಸತ್ತ.

2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೊದಲ್ಲಿ 'ರಸ್ಟ್' ಚಿತ್ರದ ತಾಲೀಮು ನಡೆಯುವಾಗ ನಟ ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದ ರಿವಾಲ್ವರಿನಿಂದ ನಿಜವಾದ ಗುಂಡೇ ಹಾರಿತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಆಕೆಗೆ 42 ವರ್ಷ. ನಿರ್ದೇಶಕ ಜೋಯೆಲ್ ಸೋಜಾ ಗಾಯಗೊಂಡರು. ಗೊಡ್ಡು ತೋಟಾಗಳ ನಡುವೆ ಸಜೀವ ತೋಟಾ ಬೆರೆತಿತ್ತು. ಬಂದೂಕುಗಳ ಹೊಣೆ ಹೊತ್ತಿದ್ದ ಹ್ಯಾನಾ ಗುಟೆರೆಜ್-ರೀಡ್ ಅವರಿಗೆ 2024ರಲ್ಲಿ 18 ತಿಂಗಳ ಶಿಕ್ಷೆಯಾಯಿತು; ಬಾಲ್ಡ್‌ವಿನ್ ಮೇಲಿನ ಮೊಕದ್ದಮೆ ಅದೇ ವರ್ಷದ ಜುಲೈಯಲ್ಲಿ ವಜಾ ಆಯಿತು.

ಹುಸಿಯನ್ನು ಗುರುತಿಸುವ ನಿಜವಾದ ಪರೀಕ್ಷೆ ನಡೆಯುವುದು ಚಿತ್ರೀಕರಣದ ಸ್ಥಳದಲ್ಲಿ. ಅಲ್ಲಿ ಕಣ್ಣು ಸಾಲದು. ಗೊಡ್ಡು ತೋಟಾವನ್ನು ನಿಜದಂತೆ ಕಾಣುವ ಹಾಗೆಯೇ ಮಾಡಿರುತ್ತಾರೆ. ಆದ್ದರಿಂದ ಅದರ ಚಿಪ್ಪಿನ ಮಗ್ಗುಲಲ್ಲಿ ಒಂದು ರಂಧ್ರ ಕೊರೆಯುತ್ತಾರೆ, ಇಲ್ಲವೆ ಒಳಗೊಂದು ಸಣ್ಣ ಲೋಹದ ಮಣಿ ಹಾಕುತ್ತಾರೆ. ಬಂದೂಕಿನ ಉಸ್ತುವಾರಿಯವರು ಪ್ರತಿಯೊಂದು ತೋಟಾವನ್ನೂ ಕಿವಿಯ ಬಳಿ ಹಿಡಿದು ಅಲುಗಾಡಿಸಬೇಕು. ಗಿಲಗಿಲ ಎಂದರೆ ಹುಸಿ, ಮೌನವಾಗಿದ್ದರೆ ಅನುಮಾನ. ಸಂತೆಯಲ್ಲಿ ತೆಂಗಿನಕಾಯಿಯನ್ನು ಅಲುಗಾಡಿಸಿ ನೋಡುವಷ್ಟೇ ಸರಳವಾದ ಈ ಕೆಲಸಕ್ಕೆ ಒಂದು ತೋಟಾಕ್ಕೆ ಒಂದೆರಡು ಸೆಕೆಂಡು ಸಾಕು. 'ರಸ್ಟ್' ದುರಂತವಾದ ಕೆಲವೇ ದಿನಗಳಲ್ಲಿ 'ದಿ ರೂಕಿ' ಧಾರಾವಾಹಿಯವರು ಹುಸಿ ತೋಟಾವನ್ನೂ ಕೈಬಿಟ್ಟು ಏರ್‌ಸಾಫ್ಟ್ ಬಂದೂಕು ಮತ್ತು ಗಣಕಯಂತ್ರದ ಬೆಂಕಿಗೆ ಹೊರಳಿದರು. ಬೆಂಕಿ ಕೃತಕವಾಗಿ ಕಂಡಿತೆಂದು ಗೊಣಗುವ ಪ್ರೇಕ್ಷಕರಲ್ಲಿ ನಾನು ಇಲ್ಲ.

ತೆರೆಯಾಚೆಗೂ ಈ ಗೊಂದಲ ಹರಡಿದೆ. ಆಟಿಕೆಯ ಬಂದೂಕಿನ ಬಾಯಿಗೆ ಕಿತ್ತಳೆ ಬಣ್ಣದ ಗುರುತು ಇರಲೇಬೇಕೆಂದು ಅಮೆರಿಕದಲ್ಲಿ 1988ರಲ್ಲಿ ಕಾನೂನಾಯಿತು. ನಾಟಕ, ಚಲನಚಿತ್ರ, ದೂರದರ್ಶನಗಳ ಬಳಕೆಗೆ ಮಾತ್ರ ವಿನಾಯಿತಿಗೆ ಅವಕಾಶವಿಟ್ಟರು. 2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡಿನಲ್ಲಿ ಟಮೀರ್ ರೈಸ್ ಎಂಬ ಹನ್ನೆರಡು ವರ್ಷದ ಬಾಲಕನ ಬಳಿ ಇದ್ದದ್ದು ಏರ್‌ಸಾಫ್ಟ್ ಆಟಿಕೆ. ಅದಕ್ಕೆ ಕಿತ್ತಳೆ ಗುರುತು ಉಳಿದಿರಲಿಲ್ಲ. ಪೊಲೀಸರು ಬಂದ ಕೆಲವೇ ಸೆಕೆಂಡುಗಳಲ್ಲಿ ಅವನಿಗೆ ಗುಂಡಿಕ್ಕಿದರು. ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೆಯ ಕಲಮು ನಕಲಿ ಬಂದೂಕನ್ನು ಪರವಾನಗಿಯಿಲ್ಲದೆ ಅಸಲಿಯಾಗಿ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಅಸಲಿಗೂ ನಕಲಿಗೂ ನಡುವಿನ ಗೋಡೆ ಎಷ್ಟು ತೆಳುವೆಂಬುದು ಕಾನೂನು ಬರೆದವರಿಗೆ ಗೊತ್ತಿತ್ತು.

ಸ್ನೇಹಸಮ್ಮೇಳನದ ನಾಟಕಗಳಿಗೆ ತಯಾರಿ ನಡೆಸುವ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಪ್ರಾಯೋಗಿಕ ಸೂಚನೆ. ಊರಿನಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ಬಂದೂಕು ಯಾರ ಮನೆಯಲ್ಲಿದ್ದರೂ, ಅದು ಖಾಲಿಯಿದೆಯೆಂದು ಅವರು ಆಣೆಯಿಟ್ಟು ಹೇಳಿದರೂ, ರಂಗಕ್ಕೆ ತರಕೂಡದು. ಮರಾಠಿಯಲ್ಲಿ ಮಕ್ಕಳ ಸುಳ್ಳುಕಾಳಗಕ್ಕೆ ಲುಟುಪುಟೀಚೀ ಲಢಾಈ ಎನ್ನುತ್ತಾರೆ. ರಂಗದ ಮೇಲೆ ನಮಗೆ ಬೇಕಾದದ್ದು ಅಷ್ಟೇ. ಬಡಗಿಯಿಂದ ಹಗುರವಾದ ಮರದಲ್ಲಿ ಆಕಾರ ಕಡೆಸಿ ಕಪ್ಪು ಬಣ್ಣ ಬಳಿಯಿರಿ. ನಳಿಗೆಯ ಬಾಯನ್ನು ಕೊರೆಸಬೇಡಿ, ಮೂರನೆಯ ಸಾಲಿನಿಂದಾಚೆಗೆ ಅದು ಯಾರಿಗೂ ಕಾಣುವುದಿಲ್ಲ. ಹಿಡಿಯುವವನು ನಾಲ್ಕು ಕಿಲೋ ಭಾರದ ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಕೆಲವು ದಿನ ನಡೆದು ನೋಡಲಿ. ಆ ಭಾರದ ನೆನಪು ಅವನ ಭುಜದಲ್ಲಿ ನಿಂತರೆ ಮರದ ತುಂಡೂ ಬಂದೂಕಾಗುತ್ತದೆ. ಸದ್ದಿಗೆ ಪಕ್ಕದ ಪರದೆಯ ಹಿಂದೆ ಹಲಗೆ ಬಡಿಯುವ ಒಬ್ಬನಿರಲಿ. ಅವನು ನಟನ ಬೆರಳನ್ನು ನೋಡುತ್ತ ನಿಲ್ಲಬಾರದು, ನೋಡಿ ಬಡಿದರೆ ತಡವಾಗುತ್ತದೆ; ಸಂಭಾಷಣೆಯ ಕೊನೆಯ ಮಾತನ್ನು ಹಿಡಿದು ಬಡಿಯಬೇಕು. ಅದಕ್ಕೆ ಹತ್ತಾರು ತಾಲೀಮು ಬೇಕಾಗಬಹುದು.